ಗುಡ್ಡ ನೋಡಲು ಬರುವ ಮಂದಿಗೆ ಹೇಳುವುದು ಹೇಗೆ?

ಗುಡ್ಡ ನೋಡಲು ಬರುವ ಮಂದಿಯ ಸುದ್ದಿ ಕೃಷಿ ಪತ್ರಿಕೆಗೆ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಗುಡ್ಡ ಅರಣ್ಯ ಇಲಾಖೆಯದು, ಬರುವವರು ಪ್ಯಾಟಿಯವರು, ನಡುವೆ ರೈತನಿಗೆ ಏನು ಕೆಲಸ? ಕೆಲಸ ಇದೆ. ಬಂದವರು ಸಂಜೆಗೆ ಗಾಡಿ ಹತ್ತಿ ಹೋಗುತ್ತಾರೆ. ಅವರು ಬಿಟ್ಟು ಹೋದದ್ದರ ಜೊತೆ ವರ್ಷವಿಡೀ ಬಾಳುವವರು ಗುಡ್ಡದ ಬುಡದ ರೈತರು ಮತ್ತು ನಮ್ಮ ದನಕರು.

ನನ್ನ ಹೊಲ ಗದಗ ಜಿಲ್ಲೆಯ ಕಪ್ಪತಗುಡ್ಡದ ಸೆರಗಿನಲ್ಲಿದೆ. ಒಂದಿಷ್ಟು ಎರಿ, ಒಂದಿಷ್ಟು ಮಸಾರಿ. ಮುಂಗಾರಿಗೆ ಹೆಸರು, ಶೇಂಗಾ. ಹಿಂಗಾರಿಗೆ ಬಿಳಿಜೋಳ, ಕಡಲಿ. ಪೂರಾ ಮಳೆ ನಂಬಿದ ಬೇಸಾಯ. ಓದಿದ್ದು ಏಳನೇ ಇಯತ್ತೆ. ಕಳೆದ ಕೆಲವು ವರ್ಷ ನಮ್ಮೂರಿನ ಹತ್ತು-ಹನ್ನೆರಡು ಮನೆಯವರು ಸೇರಿ, ಗುಡ್ಡಕ್ಕೆ ಬರುವವರನ್ನು ಸರಿದಾರಿಗೆ ತರಲು ಒಂದೊಂದೇ ಉಪಾಯ ಮಾಡಿ ನೋಡಿದ್ದೇವೆ. ಕೆಲವು ಹತ್ತಿದವು, ಕೆಲವು ಹತ್ತಲಿಲ್ಲ. ಗುಡ್ಡ, ಕೆರೆ, ಜಲಪಾತ, ದೇವರಕಾಡು ಹತ್ತಿರ ಇರುವ ಬೇರೆ ಊರಿನ ರೈತರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಗುಡ್ಡ ಉಳಿದದ್ದು ಸುಮ್ಮನೆ ಅಲ್ಲ

ಕಪ್ಪತಗುಡ್ಡ ಗದಗ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನ ಕಡೆಗೆ ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿದೆ. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ. ತೋಳ, ಕತ್ತೆಕಿರುಬ, ಚಿರತೆ, ಕೊಂಡುಕುರಿ, ಮುಳ್ಳುಹಂದಿ, ನವಿಲು ಇಲ್ಲಿವೆ. ಒಡಲಲ್ಲಿ ಕಬ್ಬಿಣದ ಅದಿರು, ಬಂಗಾರ ಇದೆ ಎಂಬ ಕಾರಣಕ್ಕೆ ಗಣಿಯವರ ಕಣ್ಣು ಇದರ ಮೇಲೆ ಮೊದಲಿನಿಂದ ಇದೆ.

2015ರ ಡಿಸೆಂಬರಿನಲ್ಲಿ ಸರಕಾರ ಇದನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಸಾರಿತು. 2016ರ ನವೆಂಬರಿನಲ್ಲಿ ಆ ಆದೇಶವನ್ನೇ ಹಿಂದೆ ಪಡೆಯಿತು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ದೊಡ್ಡ ಧರಣಿ ಆಯಿತು. ಅದೇ ವರ್ಷ ಏಪ್ರಿಲಿನಲ್ಲಿ ಮೀಸಲು ಪ್ರದೇಶದ ಆದೇಶ ತಿರುಗಿ ಬಂತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ಜಾಗ ವನ್ಯಜೀವಿ ಧಾಮ ಆಯಿತು.

ಇಷ್ಟೆಲ್ಲ ಹೋರಾಡಿ ಗಣಿಯಿಂದ ಉಳಿಸಿಕೊಂಡ ಗುಡ್ಡವನ್ನು ಬೀಡಿ ತುಂಡು ಸುಡುವುದು, ಗುಟಕಾ ಚೀಟಿ ಮುಚ್ಚುವುದು ಆದರೆ ಉಳಿಸಿದ್ದಕ್ಕೆ ಏನು ಅರ್ಥ? ಗುಡ್ಡ ಹೆಸರುವಾಸಿಯಾದ ಹಾಗೆ ನೋಡಲು ಬರುವವರೂ ಹೆಚ್ಚಿದ್ದಾರೆ. ಮಳೆಗಾಲದಲ್ಲಿ ಹಸಿರು ನೋಡಲು, ಶ್ರಾವಣದಲ್ಲಿ ಕಪ್ಪತ ಮಲ್ಲೇಶ್ವರನಿಗೆ ನಡೆದುಕೊಳ್ಳಲು, ರಜೆಯಲ್ಲಿ ಮೋಟರ್‌ಸೈಕಲ್ ಓಡಿಸಲು ಮಂದಿ ಬರುತ್ತಾರೆ. ಬರಬೇಡಿ ಅನ್ನಲು ಆಗುವುದಿಲ್ಲ, ಅನ್ನಲೂಬಾರದು. ಗುಡ್ಡ ಕಂಡವನೇ ನಾಳೆ ಗುಡ್ಡದ ಪರವಾಗಿ ಮಾತಾಡುವವನು. ಬಂದವರು ಹೇಗೆ ಇರಬೇಕು ಅನ್ನುವುದಷ್ಟೇ ಪ್ರಶ್ನೆ.

ರೈತನಿಗೆ ಆಗುವ ನಾಲ್ಕು ನಷ್ಟ

ಮೊದಲನೆಯದು ಬೆಂಕಿ. ನಮ್ಮ ಗುಡ್ಡದ ಮೇಲೆ ಎದೆಯೆತ್ತರ ಬಾದೆ ಹುಲ್ಲು ಬೆಳೆಯುತ್ತದೆ. ಸಂಕ್ರಾಂತಿ ದಾಟಿದ ಮೇಲೆ ಅದು ಒಣಗಿ ನಿಲ್ಲುತ್ತದೆ. ಫೆಬ್ರುವರಿಯಿಂದ ಏಪ್ರಿಲ್ ತನಕ ಒಂದು ಕಿಡಿ ಸಾಕು. ಗುಡ್ಡದ ಗಾಳಿ ಎಷ್ಟು ಜೋರು ಅನ್ನುವುದಕ್ಕೆ ಇಲ್ಲಿ ಎದ್ದಿರುವ ಗಾಳಿಯಂತ್ರಗಳೇ ಸಾಕ್ಷಿ. ಬೆಂಕಿ ಇಳುಕಲಿಗಿಂತ ಏರಿಗೆ ಬೇಗ ಓಡುತ್ತದೆ, ಯಾಕೆಂದರೆ ಕೆಳಗಿನ ಉರಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ. ಹುಲ್ಲು ಸುಟ್ಟರೆ ದನದ ಮೇವು ಹೋಯಿತು. ನೆಲ ಬೋಳಾಗಿ ಮೊದಲ ಮಳೆಗೇ ಮಣ್ಣು ಕೊಚ್ಚಿ ನಮ್ಮ ಕೆರೆ, ಕೃಷಿಹೊಂಡಕ್ಕೆ ಬಂದು ಬೀಳುತ್ತದೆ. ಗಾಳಿ ತಿರುಗಿದರೆ ಬೆಂಕಿ ಕೆಳಗಿಳಿದು ಹೊಲದ ಬದುವಿಗೆ ಬರುತ್ತದೆ. ಸುಗ್ಗಿ ಮುಗಿದು ಕಣಕಿ ಬಣವಿ ಒಟ್ಟುವ ಕಾಲವೂ ಅದೇ.

ಎರಡನೆಯದು ಪ್ಲಾಸ್ಟಿಕ್. ಊಟದ ವಾಸನೆ, ಉಪ್ಪಿನ ರುಚಿ ಹತ್ತಿದ ಚೀಲವನ್ನು ದನ ಚೀಲಸಮೇತ ನುಂಗುತ್ತದೆ. ಅದು ದೊಡ್ಡ ಹೊಟ್ಟೆಗೆ ಹೋಗಿ ಕೂಡುತ್ತದೆ. ಮೆಲುಕಿಗೂ ಬರುವುದಿಲ್ಲ, ಕರಗುವುದೂ ಇಲ್ಲ, ಮುಂದಕ್ಕೂ ಹೋಗುವುದಿಲ್ಲ. ವರ್ಷಗಟ್ಟಲೆ ಸೇರಿ ಸೇರಿ ಹಗ್ಗದ ಉಂಡೆಯಂತೆ ಗಟ್ಟಿಯಾಗುತ್ತದೆ. ಹೊಟ್ಟೆಯಲ್ಲಿ ಜಾಗವೇ ಇಲ್ಲದ ಮೇಲೆ ದನ ಮೇಯುವುದು ಬಿಡುತ್ತದೆ, ಹಾಲು ಇಳಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಔಷಧಿಗೆ ಜಗ್ಗುವ ರೋಗ ಅಲ್ಲ ಇದು. ಡಾಕ್ಟರು ಎಡಪಕ್ಕೆ ಕೊಯ್ದು ತೆಗೆಯಬೇಕು. ನಮ್ಮ ಓಣಿಯ ಒಂದು ಆಕಳಿನ ಹೊಟ್ಟೆಯಿಂದ ಹೀಗೆ ಬುಟ್ಟಿ ತುಂಬ ಪ್ಲಾಸ್ಟಿಕ್ ತೆಗೆದದ್ದನ್ನು ನಿಂತು ನೋಡಿದ್ದೇನೆ. ತಂತಿ, ಮೊಳೆ ಸೇರಿಕೊಂಡರೆ ಇನ್ನೂ ಅಪಾಯ. ಹೊಟ್ಟೆಯಿಂದ ಮುಂದೆ ಸರಿದು ಎದೆಗುಂಡಿಗೆಗೇ ಚುಚ್ಚುತ್ತದೆ. ಇನ್ನು ಒಡೆದ ಬಾಟಲಿ ಗಾಜು ಕುರಿ ಗೊರಸಿಗೆ, ದನಗಾಹಿ ಹುಡುಗರ ಕಾಲಿಗೆ.

ಮೂರನೆಯದು ಮಂಗ್ಯಾ. ಬಂದವರು ಪುಣ್ಯ ಅಂತ ಬಾಳೆಹಣ್ಣು, ಬಿಸ್ಕೀಟು ಹಾಕುತ್ತಾರೆ. ಗುಡ್ಡದ ಕಾಯಿ, ಚಿಗುರು ತಿಂದುಕೊಂಡಿದ್ದ ಮಂಗ್ಯಾಗಳು ಮನುಷ್ಯರ ಕೈ ನೋಡುವುದು ಕಲಿಯುತ್ತವೆ. ರಜೆ ಮುಗಿದು ಮಂದಿ ಬರುವುದು ನಿಂತಾಗ ಅವು ಎಲ್ಲಿಗೆ ಹೋಗಬೇಕು? ಶೇಂಗಾದ ಹೊಲಕ್ಕೆ ಇಳಿಯುತ್ತವೆ. ಒಬ್ಬರ ಪುಣ್ಯ, ಇನ್ನೊಬ್ಬರ ಬೆಳೆ.

ನಾಲ್ಕನೆಯದು ನೀರು. ಗುಡ್ಡದ ಮೇಲೆ ಬಿದ್ದ ಮಳೆಯೇ ನಮ್ಮ ಹಳ್ಳ, ಬಾವಿ, ಬೋರಿಗೆ ಆಧಾರ. ಹಳ್ಳದ ಹುಟ್ಟಿನಲ್ಲೇ ಸಾಬೂನು ಹಚ್ಚಿ ಮೈ ತೊಳೆಯುವುದು, ಉಳಿದ ಅನ್ನ ಚೆಲ್ಲುವುದು, ದಂಡೆಯಲ್ಲೇ ಬಯಲಕಡೆ ಕೂಡುವುದು ಆದರೆ ಕೆಳಗೆ ಕುಡಿಯುವವರು ನಾವು ಮತ್ತು ನಮ್ಮ ದನ.

ಇದರ ಮೇಲೆ ಒಂದು ಐದನೆಯದೂ ಇದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ಗುಡ್ಡಕ್ಕೆ ಬೆಂಕಿ ಬಿದ್ದಾಗ ಮೊದಲ ಮಾತು ಬರುವುದು ಕುರಿಗಾರರ ಮೇಲೆ. ಒಂದು ಸಲ ಮಾರ್ಚಿನಲ್ಲಿ ಬೆಂಕಿ ಬಿದ್ದಾಗ ನಮ್ಮೂರ ಕುರಿಗಾರನೊಬ್ಬನನ್ನು ಎರಡು ದಿನ ವಿಚಾರಣೆಗೆ ಅಲೆದಾಡಿಸಿದರು. ಸುಟ್ಟ ಜಾಗದಲ್ಲಿ ಸಿಕ್ಕದ್ದು ಮೂರು ಕಲ್ಲಿನ ಒಲೆ, ಪಕ್ಕದಲ್ಲಿ ಮಸಾಲೆ ಚೀಟಿ ಮತ್ತು ಬಾಟಲಿ. ಕುರಿಗಾರ ಬುತ್ತಿ ಕಟ್ಟಿಕೊಂಡು ಹೋಗುವವನು, ಗುಡ್ಡದಲ್ಲಿ ಕೋಳಿ ಬೇಯಿಸುವವನಲ್ಲ. ವನ್ಯಜೀವಿ ಧಾಮ ಆದ ಮೇಲೆ ಇಂಥ ಒಂದೊಂದು ಬೆಂಕಿಯೂ ನಮ್ಮ ಕಾಲುದಾರಿಯನ್ನು ಸಣ್ಣದು ಮಾಡುತ್ತ ಹೋಗುತ್ತದೆ. ಹಾಗಂತ ನಮ್ಮವರೆಲ್ಲ ಸಾಚಾ ಅಂತಲೂ ಅಲ್ಲ. ಹೊಸ ಹುಲ್ಲು ಬೇಗ ಚಿಗುರಲಿ ಅಂತ ಕಡ್ಡಿ ಕೊರೆಯುವವರು ಹಳ್ಳಿಗಳಲ್ಲಿ ಇದ್ದಾರೆ. ಪ್ಯಾಟಿಯವರಿಗೆ ಬುದ್ಧಿ ಹೇಳುವ ಮೊದಲು ಆ ಮಾತನ್ನು ಊರ ಕಟ್ಟೆಯ ಮೇಲೆ ನಾವು ಆಡಿ ಮುಗಿಸಬೇಕು. ನಮ್ಮಲ್ಲಿ ಮೊದಲು ಮಾಡಿದ ಕೆಲಸ ಅದೇ.

ಬರುವವರು ಎಲ್ಲರೂ ಒಂದೇ ಅಲ್ಲ

ಒಂದೇ ಔಷಧಿ ಎಲ್ಲ ಕೀಡೆಗೆ ಹೊಡೆಯುವುದಿಲ್ಲ. ಹಾಗೆಯೇ ಬರುವವರಲ್ಲಿ ಯಾರು ಯಾವುದನ್ನು ಯಾಕೆ ಮಾಡುತ್ತಾರೆ ಅಂತ ಮೊದಲು ನೋಡಿಕೊಂಡೆವು.

ಭಕ್ತರು: ಇವರಿಗೆ ಕಸ ಹಾಕುವ ಮನಸ್ಸಿಲ್ಲ. ಪ್ರಸಾದಕ್ಕೆ ತಂದ ತಟ್ಟೆ-ಲೋಟ ಎಲ್ಲಿ ಹಾಕಬೇಕು ಗೊತ್ತಾಗದೆ ಬಿಡುತ್ತಾರೆ. ಕರ್ಪೂರ, ಊದಿನಕಡ್ಡಿ ಹಚ್ಚಿ ಹಾಗೇ ಹೋಗುತ್ತಾರೆ.

ಶಾಲೆ ಮಕ್ಕಳು: ಮಾಸ್ತರು ಹೇಳಿದಂತೆ ಕೇಳುತ್ತಾರೆ. ಮಾಸ್ತರಿಗೆ ಮೊದಲೇ ಹೇಳಿದರೆ ಅರ್ಧ ಕೆಲಸ ಆದಂತೆ.

ಮೋಟರ್‌ಸೈಕಲ್ ಹುಡುಗರು: ಗದ್ದಲ, ಫೋಟೋ, ದಾರಿ ಬಿಟ್ಟು ಗಾಡಿ ಓಡಿಸುವುದು. ಇವರಿಗೆ ಸಿಟ್ಟು ಮಾಡಿದರೆ ಇನ್ನಷ್ಟು ಮಾಡುತ್ತಾರೆ. ಆಸ್ಥೆಯಿಂದ ಮಾತಾಡಿಸಿದರೆ ಇವರೇ ಹೆಚ್ಚು ಕೆಲಸಕ್ಕೆ ಬರುತ್ತಾರೆ.

ಗಿಡಮೂಲಿಕೆ ಕೀಳುವವರು: ಹೆಸರಾದ ಗುಡ್ಡ ಅಂತ ಒಂದು ಬೇರು ಇರಲಿ ಅಂತ ಕೀಳುತ್ತಾರೆ. ಒಬ್ಬ ಒಂದು ಕಿತ್ತರೆ ಏನು ಅನ್ನುವುದು ಇವರ ವಾದ. ಬೇರಿನ ಗಿಡ ಕಿತ್ತರೆ ಗಿಡವೇ ಹೋಯಿತು, ಎಲೆ ಕಿತ್ತಂತೆ ಅಲ್ಲ.

ಕುಡಿಯಲು ಬರುವವರು: ಇವರ ಕೂಡ ಉಪದೇಶ ನಡೆಯುವುದಿಲ್ಲ. ಇವರಿಗೆ ಬೇರೆ ದಾರಿ, ಮುಂದೆ ಹೇಳುತ್ತೇನೆ.

ಹತ್ತದ ಉಪಾಯಗಳು

ಎಲ್ಲ ಕಡೆ ಮೊದಲು ಮಾಡುವುದು ಬೋರ್ಡು ಹಾಕುವುದು. "ಕಸ ಹಾಕಬೇಡಿ, ದಂಡ ವಿಧಿಸಲಾಗುವುದು." ದಂಡ ಹಾಕುವವರು ಯಾರೂ ಅಲ್ಲಿ ನಿಂತಿರುವುದಿಲ್ಲ ಅನ್ನುವುದು ಓದುವವನಿಗೆ ಗೊತ್ತು. ಆ ಬೋರ್ಡಿನ ಬುಡದಲ್ಲೇ ಕಸ ಬಿದ್ದಿರುತ್ತದೆ.

ಇನ್ನೊಂದು ಬಗೆಯ ಬೋರ್ಡು ಇದೆ: "ಬಂದವರೆಲ್ಲ ಕಸ ಹಾಕಿ ಗುಡ್ಡ ಹಾಳಾಗುತ್ತಿದೆ" ಅಂತ ಗೋಳು ತೋಡಿಕೊಳ್ಳುವುದು. ಇದು ಉಲ್ಟಾ ಹೊಡೆಯುತ್ತದೆ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳ ಒಂದು ರಾಷ್ಟ್ರೀಯ ಉದ್ಯಾನ ಇದೆ. ಬಂದವರು ಚೂರು ಎತ್ತಿಕೊಂಡು ಹೋಗುವುದು ಅಲ್ಲಿಯ ತೊಂದರೆ. ರಾಬರ್ಟ್ ಚಾಲ್ಡೀನಿ ಎಂಬ ಮನಃಶಾಸ್ತ್ರಜ್ಞ ಮತ್ತು ಅವರ ಜೊತೆಯವರು ಅಲ್ಲಿ ದಾರಿಯಲ್ಲಿ ಗುರುತು ಮಾಡಿದ ಚೂರುಗಳನ್ನು ಇಟ್ಟು ಎರಡು ಬಗೆಯ ಬೋರ್ಡು ಹಾಕಿ ನೋಡಿದರು. "ಹಿಂದೆ ಬಂದ ಬಹಳ ಮಂದಿ ಒಯ್ದಿದ್ದರಿಂದ ಇಲ್ಲಿಯ ಸ್ಥಿತಿ ಕೆಟ್ಟಿದೆ" ಎಂಬ ಅರ್ಥದ ಬೋರ್ಡು ಇದ್ದಾಗ ನೂರರಲ್ಲಿ ಸುಮಾರು 8 ಚೂರು ಹೋದವು. "ದಯವಿಟ್ಟು ಒಯ್ಯಬೇಡಿ" ಎಂದಷ್ಟೇ ಇದ್ದಾಗ ನೂರರಲ್ಲಿ 2ಕ್ಕಿಂತ ಕಡಿಮೆ. ಇದು 2006ರಲ್ಲಿ ಪ್ರಕಟವಾಯಿತು. ಕೃಷಿ ಕಾಲೇಜಿನಲ್ಲಿ ಓದುವ ನಮ್ಮ ಅಣ್ಣನ ಮಗ ಇದನ್ನು ಓದಿ ಹೇಳಿದಾಗ ನಮಗೆ ಆಶ್ಚರ್ಯ ಆಗಲಿಲ್ಲ. "ಎಲ್ಲಾರೂ ಮಾಡತಾರ" ಅಂದರೆ "ನಾನೂ ಮಾಡಬಹುದು" ಅಂತ ಕಿವಿಗೆ ಬೀಳುತ್ತದೆ. ಹೊಲದ ಬದು ಕೆತ್ತುವುದೂ ಊರಲ್ಲಿ ಹೀಗೇ ಹಬ್ಬುವುದು.

ಜಗಳ ಮೂರನೆಯದು. "ನಿಮಗ ಬುದ್ಧಿ ಐತೇನು?" ಅಂದ ಕೂಡಲೇ ಎದುರಿನವನು ಗುಡ್ಡ ಮರೆತು ತನ್ನ ಮರ್ಯಾದೆ ಹಿಡಿಯುತ್ತಾನೆ.

ವರ್ಷಕ್ಕೊಮ್ಮೆ ಫೋಟೋ ತೆಗೆಸಿಕೊಂಡು ಕಸ ಆರಿಸುವುದು ನಾಲ್ಕನೆಯದು. ಆರಿಸುವುದು ಒಳ್ಳೆಯದೇ. ಆದರೆ ಒಂದೇ ದಿನ ಆರಿಸಿದರೆ ಸಾಲದು.

ಹತ್ತಿದ ಉಪಾಯಗಳು

1. ಬುಡದಲ್ಲೇ ಹೇಳಿ, ಮೇಲೆ ಹೇಳಬೇಡಿ. ತಪ್ಪು ಮಾಡಿದ ಮೇಲೆ ಹೇಳಿದರೆ ಜಗಳ, ಮೊದಲೇ ಹೇಳಿದರೆ ಮಾಹಿತಿ. ಶ್ರಾವಣ ಸೋಮವಾರ ಮತ್ತು ರಜೆಯ ಭಾನುವಾರ ಬೆಳಗ್ಗೆ 7ರಿಂದ 11ರ ತನಕ ಇಬ್ಬರು ಗುಡ್ಡದ ಬುಡದ ಬೇವಿನ ಮರದ ಕೆಳಗೆ ಕೂಡುತ್ತೇವೆ. ಒಬ್ಬ ಹಿರಿಯ, ಒಬ್ಬ ಹುಡುಗ. ಹುಡುಗನಿಗೆ ಮಾತು ಬೇಗ ಹತ್ತುತ್ತದೆ, ಹಿರಿಯನ ಮಾತಿಗೆ ಮಂದಿ ನಿಲ್ಲುತ್ತಾರೆ.

2. ಮೊದಲು ನೀರು, ಆಮೇಲೆ ಮಾತು. ಮಣ್ಣಿನ ಹರವಿಯಲ್ಲಿ ತಣ್ಣೀರು ಇಟ್ಟೆವು. ತಂದ ಬಾಟಲಿಗೇ ತುಂಬಿಸಿಕೊಂಡರೆ ಹೊಸ ಬಾಟಲಿ ಕೊಳ್ಳುವುದು ತಪ್ಪುತ್ತದೆ. ನೀರು ಕುಡಿದವನು ಎರಡು ಮಾತು ಕೇಳದೆ ಹೋಗುವುದಿಲ್ಲ, ಅದು ನಮ್ಮ ನಾಡಿನ ಗುಣ. ನಾವು ಆಡುವ ಮಾತು ಇಷ್ಟೇ:

"ಯಾವ ಊರಾತ್ರೀ ಅಣ್ಣಾರ? ನೀರು ಕುಡೀರಿ. ಮ್ಯಾಲೆ ಹುಲ್ಲು ಒಣಗೇತಿ, ಬೀಡಿ-ಬೆಂಕಿಪೊಟ್ಟಣ ನಮ್ಮ ಕಡೆ ಇಟ್ಟು ಹೋಗ್ರಿ, ಇಳದು ಬಂದ ಮ್ಯಾಲೆ ಇಸಗೋರಿ. ಒಯ್ದಿದ್ದನ್ನ ಹೊಳ್ಳಿ ತರ್ರಿ, ನಮ್ಮ ದನ ಅಲ್ಲೆ ಮೇಯ್ತಾವು."

"ನಮ್ಮ ದನ ಅಲ್ಲೆ ಮೇಯ್ತಾವು" ಅನ್ನುವುದೇ ಮುಖ್ಯ ಮಾತು. ಪರಿಸರ ಉಳಿಸಿ ಅಂದರೆ ಯಾರ ಪರಿಸರ ಅಂತ ಕೇಳುವವನಿಗೂ ಎದುರಿಗೆ ನಿಂತ ರೈತನ ಆಕಳು ಕಣ್ಣಿಗೆ ಕಾಣುತ್ತದೆ. ಒಮ್ಮೆ ಒಬ್ಬ ಹುಡುಗ ಬೆಂಕಿಪೊಟ್ಟಣ ಕೊಡಲು ಹಿಂದೆ-ಮುಂದೆ ನೋಡಿದ. ನಮ್ಮ ಜೊತೆ ಕುಳಿತಿದ್ದ ಹಿರಿಯ ತಾಯಿ, "ಯಪ್ಪಾ, ನಿನ್ನ ಹಂತ್ಯಾಕ ಇದ್ರ ನೀ ಹಚ್ಚತೀ ಅಂತಲ್ಲೊ, ಕಿಸೇದಾಗಿಂದ ಬಿದ್ರ ಯಾರು ಹುಡುಕಬೇಕು?" ಅಂದಳು. "ಆತು ತಗೋ ಆಯೀ" ಅಂತ ಕೊಟ್ಟು ನಕ್ಕೋತ ಹೋದ. ಅವನ ಮೇಲೆ ಅನುಮಾನ ಪಡಲಿಲ್ಲ, ಅದಕ್ಕೇ ಕೊಟ್ಟ.

3. ಸರಿಯಾದದ್ದು ಸುಲಭ ಆಗಬೇಕು. ಪ್ಲಾಸ್ಟಿಕ್ ಬೇಡ ಅಂದ ಮೇಲೆ ಮತ್ತೇನು ಅಂತ ನಾವೇ ಕೊಡಬೇಕು. ನಮ್ಮೂರ ಹೆಣ್ಣುಮಕ್ಕಳ ಸಂಘದವರು ಸ್ಟೀಲಿನ ತಟ್ಟೆ-ಲೋಟ ಬಾಡಿಗೆಗೆ ಇಟ್ಟರು. ಪ್ರಸಾದಕ್ಕೆ ಮುತ್ತಲ ಎಲೆಯ ಪತ್ರಾವಳಿ, ಅಡಿಕೆ ಹಾಳೆಯ ತಟ್ಟೆ ಮಾರುತ್ತಾರೆ. ಎಲೆಯ ತಟ್ಟೆ ದನ ತಿಂದರೂ ತೊಂದರೆ ಇಲ್ಲ, ತಿಪ್ಪೆಗೆ ಹಾಕಿದರೆ ಗೊಬ್ಬರ. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಚೀಲ ನಿಷೇಧ ಇದೆ, ಇಡೀ ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಥರ್ಮಾಕೋಲ್ ನಿಷೇಧ ಆಗಿದೆ. ಕಾನೂನು ನಮ್ಮ ಕಡೆಗೇ ಇದೆ. ಆದರೆ ಕೈಗೆ ಬೇರೆ ತಟ್ಟೆ ಸಿಗದಿದ್ದರೆ ಕಾನೂನು ಪೆಟ್ಟಿಗೆಯಲ್ಲೇ ಉಳಿಯುತ್ತದೆ.

4. ಒತ್ತೆ ಹಣ. ತಮಿಳುನಾಡಿನ ನೀಲಗಿರಿಯಲ್ಲಿ ಕಾಡಿನಲ್ಲಿ ಬಿದ್ದ ಸಾರಾಯಿ ಬಾಟಲಿ ಗಾಜಿನಿಂದ ಆನೆಗಳ ಕಾಲಿಗೆ ಗಾಯವಾಗುವ ಸಂಗತಿ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2022ರ ಮೇ ತಿಂಗಳಿಂದ ಅಲ್ಲಿಯ ಸರಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ಹಿಡಿದು, ಖಾಲಿ ಬಾಟಲಿ ತಂದರೆ ಆ 10 ರೂಪಾಯಿ ತಿರುಗಿ ಕೊಡುವ ಪದ್ಧತಿ ಬಂತು. ಮುಂದೆ ಬೇರೆ ಜಿಲ್ಲೆಗಳಿಗೂ ಅದು ಹೋಯಿತು. ಇದನ್ನು ನೋಡಿ ನಮ್ಮ ಬುಡದ ಎರಡು ಚಹಾದಂಗಡಿಯವರನ್ನು ಒಪ್ಪಿಸಿದೆವು. ಅವರು ಮಾರುವ ನೀರಿನ ಬಾಟಲಿಗೆ ಕೆಂಪು ಬಣ್ಣದ ಚುಕ್ಕೆ ಇಡುತ್ತಾರೆ. 10 ರೂಪಾಯಿ ಒತ್ತೆ. ಚುಕ್ಕೆಯ ಬಾಟಲಿ ತಂದುಕೊಟ್ಟರೆ ಹಣ ವಾಪಸು. ಒಯ್ದವನು ತರದಿದ್ದರೂ ದನ ಕಾಯುವ ಹುಡುಗರು ಆರಿಸಿ ತರುತ್ತಾರೆ. ಅಂಗಡಿಯವರಿಗೂ ಲಾಭ ಇದೆ: ಒತ್ತೆ ಇಸಗೊಳ್ಳಲು ಬಂದವನು ಒಂದು ಚಹಾ ಕುಡಿದೇ ಹೋಗುತ್ತಾನೆ. ಒಂದು ಎಚ್ಚರ: ಖಾಸಗಿ ಮಂದಿ ದಾರಿಗೆ ಅಡ್ಡ ನಿಂತು ಹಣ ಎತ್ತುವ ಹಾಗಿಲ್ಲ. ಅದು ಅಂಗಡಿಯ ವ್ಯಾಪಾರದ ಒಳಗೇ ಇರಬೇಕು, ಇಲ್ಲವೇ ಪಂಚಾಯತಿ ಅಥವಾ ಇಲಾಖೆ ಮಾಡಬೇಕು.

5. ಹಳೆ ಸೀರೆಯ ಚೀಲ. ಹೊರಗಿನಿಂದ ಬಾಟಲಿ, ಚಿಪ್ಸು ತಂದವರಿಗೆ ಹಳೆ ಸೀರೆಯಲ್ಲಿ ಹೊಲಿದ ಚೀಲ ಕೊಡುತ್ತೇವೆ. "ತುಂಬಿಸಿಕೊಂಡು ಬರ್ರಿ" ಅನ್ನುತ್ತೇವೆ. ಚೀಲ ಬಣ್ಣ ಬಣ್ಣದ್ದು, ಕೈಯಲ್ಲಿ ಹಿಡಿದವರು ದೂರದಿಂದ ಕಾಣುತ್ತಾರೆ. ಒಬ್ಬರ ಕೈಯಲ್ಲಿ ನೋಡಿ ಇನ್ನೊಬ್ಬರು ಕೇಳುತ್ತಾರೆ. ಅರಿಜೋನಾದ ಪಾಠವನ್ನು ತಿರುಗಿಸಿ ಹಾಕಿದ್ದು ಇದು. ಕಸ ಹಾಕುವವರನ್ನು ಅಲ್ಲ, ಕಸ ಹೊತ್ತು ತರುವವರನ್ನು ಕಣ್ಣಿಗೆ ಕಾಣುವಂತೆ ಮಾಡಬೇಕು.

6. ಜಾಗ ಸ್ವಚ್ಛ ಇರಬೇಕು. ಕಸ ಬಿದ್ದಲ್ಲಿ ಕಸ ಬೀಳುತ್ತದೆ. ಗುಡಿಸಿದ ಅಂಗಳದಲ್ಲಿ ಉಗುಳಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಸೋಮವಾರದ ಜಾತ್ರೆಯ ಕಸ ಮಂಗಳವಾರ ಬೆಳಗ್ಗೆಯೇ ಎತ್ತಬೇಕು. ಮುಂದಿನ ವಾರ ಬರುವವರಿಗೆ ಸ್ವಚ್ಛ ಜಾಗ ಕಾಣಬೇಕು. ಎತ್ತಿದ ಕಸವನ್ನು ಗುಡ್ಡದ ಬುಡದಲ್ಲಿ ಸುಡಬಾರದು; ಹೊಗೆಯೂ ವಿಷ, ಕಿಡಿಯೂ ಅಪಾಯ. ಬಾಟಲಿ ಗುಜರಿಗೆ, ಉಳಿದದ್ದು ಗ್ರಾಮ ಪಂಚಾಯತಿಯ ಒಣಕಸದ ಘಟಕಕ್ಕೆ.

7. ಮಾಸ್ತರಿಗೆ ಕಾಗದ. ಶಾಲೆ ಪ್ರವಾಸ ಬರುವ ಸುದ್ದಿ ತಿಳಿದರೆ ಮೊದಲೇ ಒಂದು ಕಾಗದ ಬರೆದು ಹಾಕುತ್ತೇವೆ: ಬುತ್ತಿ ಡಬ್ಬಿಯಲ್ಲಿ ತರಲಿ, ಗಿಡ ಕೀಳದೆ ಹೆಸರು ಬರೆದುಕೊಳ್ಳಲಿ, ಮಂಗ್ಯಾಗೆ ಏನೂ ಹಾಕದಿರಲಿ. ಬಂದ ಮಕ್ಕಳಿಗೆ ಊರಿನ ಗಿಡಬಲ್ಲ ಹಿರಿಯರು ಅರ್ಧ ತಾಸು ಗಿಡ ತೋರಿಸುತ್ತಾರೆ. ಗಿಡದ ಹೆಸರು, ಗುಣ ತಿಳಿದ ಮಗು ಅದನ್ನು ತುಳಿಯುವುದಿಲ್ಲ.

8. ಹೋಗುವಾಗ ಒಂದು ಮಾತು. ಚೀಲ ತುಂಬಿಕೊಂಡು ಬಂದವರಿಗೆ "ಭಾಳ ಚೊಲೊ ಮಾಡಿದ್ರಿ" ಅಂತ ಹೇಳುವುದನ್ನು ತಪ್ಪಿಸಬಾರದು. ಖರ್ಚಿಲ್ಲದ ಕೆಲಸ. ಅವನು ಮುಂದಿನ ಸಲ ಬರುವಾಗ ಇನ್ನೂ ನಾಲ್ಕು ಮಂದಿಗೆ ಅವನೇ ಹೇಳುತ್ತಾನೆ.

ಬೆಂಕಿ ಕಾಲದಲ್ಲಿ ಹೆಚ್ಚಿನ ಎಚ್ಚರ

ಫೆಬ್ರುವರಿಯಿಂದ ಮೊದಲ ಅಡ್ಡಮಳೆಯ ತನಕ ಮಾತು ಮೆತ್ತಗೆ ಇರಲಿ, ನಿಯಮ ಬಿಗಿ ಇರಲಿ. ಧಾಮದೊಳಗೆ ಬೆಂಕಿ ಹಚ್ಚುವುದು, ಹಚ್ಚಿದ ಬೆಂಕಿ ಬಿಟ್ಟು ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 30ನೇ ಕಲಮಿನ ಪ್ರಕಾರ ಅಪರಾಧ. ಅಡುಗೆ ಒಲೆಗೂ ಇದು ಹತ್ತುತ್ತದೆ. ಇದನ್ನು ಹೆದರಿಸಲು ಅಲ್ಲ, ತಿಳಿಸಲು ಹೇಳಬೇಕು.

ಅದಕ್ಕಿಂತ ಹೆಚ್ಚು ನಾಟುವುದು ಅವರ ಜೀವದ ಮಾತು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಗುಡ್ಡದಲ್ಲಿ ಚಾರಣಕ್ಕೆ ಹೋದವರನ್ನು ಒಣಹುಲ್ಲಿನ ಬೆಂಕಿ ಸುತ್ತುಗಟ್ಟಿತು. 20ಕ್ಕೂ ಹೆಚ್ಚು ಮಂದಿ ಸತ್ತರು. 2019ರ ಫೆಬ್ರುವರಿಯಲ್ಲಿ ನಮ್ಮ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತು. ಬೆಂಕಿ ಎದ್ದಾಗ ಗುಡ್ಡದ ಮೇಲೆ ಇರುವವನೇ ಮೊದಲು ಸಿಕ್ಕಿ ಬೀಳುವವನು ಅಂತ ಹೇಳಿದರೆ ಯಾರೂ ಬೆಂಕಿಪೊಟ್ಟಣ ಮುಚ್ಚಿಡುವುದಿಲ್ಲ. ಬೆಂಕಿ ಕಂಡರೆ ಏರಿಗೆ ಓಡಬಾರದು, ಹುಲ್ಲು ಇಲ್ಲದ ಬಂಡೆ ಅಥವಾ ಸುಟ್ಟು ಆರಿದ ಜಾಗ ಹುಡುಕಿ ಇಳುಕಲಿನ ಕಡೆ ಬರಬೇಕು. ಇದನ್ನೂ ಹೇಳಿ ಕಳಿಸಿ.

ದೇವಸ್ಥಾನದಲ್ಲಿ ದೀಪ, ಕರ್ಪೂರಕ್ಕೆ ಸುತ್ತ ಹುಲ್ಲು ಕೆತ್ತಿ ಕಲ್ಲು ಹಾಸಿದ ಒಂದೇ ಜಾಗ ಗೊತ್ತು ಮಾಡಲು ಪೂಜಾರಿಯವರನ್ನು ಕೇಳಿಕೊಂಡೆವು. ಪಕ್ಕದಲ್ಲಿ ಉಸುಕು, ನೀರಿನ ಬಕೆಟ್. ದೇವರ ಹೆಸರಿನಲ್ಲಿ ಅವರು ಹೇಳಿದ ಒಂದು ಮಾತಿಗೆ ನಮ್ಮ ಹತ್ತು ಮಾತಿನ ಬೆಲೆ. ನಮ್ಮ ಹೊಲದ ಬದುಗುಂಟ ಜನವರಿಯಲ್ಲೇ ಒಣಹುಲ್ಲು ಕೊಯ್ದು ಎಂಟು-ಹತ್ತು ಅಡಿ ಬೋಳು ಪಟ್ಟಿ ಮಾಡುತ್ತೇವೆ. ಹುಲ್ಲು ದನಕ್ಕೆ ಆಯಿತು, ಬೆಂಕಿಗೂ ತಡೆ ಆಯಿತು. ಬಣವಿಯನ್ನು ಗುಡ್ಡದ ಕಡೆಯ ಬದುವಿಗೆ ಒಟ್ಟಬಾರದು.

ಕುಡಿದವರ ಸಂಗಡ ವಾದ ಬೇಡ. ಒಬ್ಬರೇ ಹೋಗಬೇಡಿ. ಗಾಡಿ ನಂಬರ್ ಬರೆದುಕೊಂಡು ಅರಣ್ಯ ರಕ್ಷಕರಿಗೆ ಫೋನ್ ಮಾಡಿ, ತುರ್ತು ಇದ್ದರೆ 112. ರಕ್ಷಕರ ಜೊತೆ ಮೊದಲಿನಿಂದ ಒಳ್ಳೆಯ ಸಂಬಂಧ ಇಟ್ಟುಕೊಂಡಿದ್ದರೆ ಇಂಥ ಹೊತ್ತಿಗೆ ಬರುತ್ತಾರೆ. ನಾವು ಬುಡದಲ್ಲಿ ಕೂಡುವ ಸಂಗತಿಯನ್ನು ಪಂಚಾಯತಿಗೂ ಇಲಾಖೆಗೂ ಬರೆದು ತಿಳಿಸಿಯೇ ಶುರು ಮಾಡಿದೆವು.

ಕೆರೆ ಇದ್ದವರಿಗೆ

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಸುತ್ತಲಿನ ಹೊಲಗಳಲ್ಲಿ ಮೇಯ್ದು ಬಂದು ನೀರಿನಲ್ಲಿ ದಣಿವು ಆರಿಸಿಕೊಳ್ಳುವ ಹಕ್ಕಿ ಅದು. ನೋಡಲು ಬಂದವರು ಫೋಟೋಕ್ಕಾಗಿ ಹತ್ತಿರ ಹೋದರೆ, ಹಾರಲಿ ಅಂತ ಕಲ್ಲು ಒಗೆದರೆ, ಹಿಂಡೆಲ್ಲ ಎದ್ದು ಹಾರುತ್ತದೆ. ಎಬ್ಬಿಸಿದಷ್ಟೂ ಶಕ್ತಿ ಖರ್ಚು, ಆ ಶಕ್ತಿ ತುಂಬಿಕೊಳ್ಳಲು ಮತ್ತೆ ಮೇಯಬೇಕು, ಮೇಯುವುದು ರೈತರ ಬೆಳೆ. ಹೀಗಾಗಿ ಹಕ್ಕಿಗೆ ತೊಂದರೆ ಕೊಡಬೇಡಿ ಅನ್ನುವುದು ಹಕ್ಕಿಯ ಸಲುವಾಗಿ ಅಷ್ಟೇ ಅಲ್ಲ. ಕೆರೆ ದಂಡೆಯಲ್ಲಿ ಒಂದು ಗೆರೆ ಗೊತ್ತು ಮಾಡಿ, ಅಲ್ಲಿಂದ ಮುಂದೆ ಹೋಗದಂತೆ ಊರವರೇ ಹೇಳಿದರೆ ಸಾಕು. ಹಕ್ಕಿ ತಲೆ ಎತ್ತಿ ನೋಡತೊಡಗಿತು ಅಂದರೆ ನೀವು ಹತ್ತಿರ ಬಂದಿರಿ ಅಂತಲೇ ಅರ್ಥ.

ಶುರು ಮಾಡುವವರಿಗೆ

ಒಮ್ಮೆಗೇ ಎಲ್ಲ ಮಾಡಲು ಹೋಗಬೇಡಿ. ಮೊದಲ ವರ್ಷ ಒಂದೇ ಜಾಗ, ಒಂದೇ ತಿಂಗಳು ಹಿಡಿಯಿರಿ. ಬೇಕಾಗುವುದು ಎರಡು ಹರವಿ, ಹಳೆ ಸೀರೆ, ಒಂದು ಡಬ್ಬಿ ಬಣ್ಣ ಮತ್ತು ಪಾಳಿಯಲ್ಲಿ ಕೂಡುವ ಎಂಟು-ಹತ್ತು ಮಂದಿ. ಬಿತ್ತುವ, ಹರಗುವ ವಾರದಲ್ಲಿ ಯಾರೂ ಸಿಗುವುದಿಲ್ಲ, ಅದನ್ನು ಮೊದಲೇ ಲೆಕ್ಕ ಹಿಡಿದು ಪಾಳಿ ಮಾಡಿ. ಹೇಳುವ ಮಾತು ಮೂರಕ್ಕಿಂತ ಹೆಚ್ಚು ಬೇಡ: ಬೆಂಕಿ ಒಯ್ಯಬೇಡಿ, ಒಯ್ದದ್ದು ಹೊಳ್ಳಿ ತನ್ನಿ, ಪ್ರಾಣಿಗೆ ತಿನ್ನಿಸಬೇಡಿ. ನಾಲ್ಕನೆಯದು ಹೇಳಿದರೆ ಮೊದಲಿನ ಮೂರೂ ಮರೆತು ಹೋಗುತ್ತವೆ.

ಪೂರಾ ಕಸ ನಿಂತಿದೆ ಅಂತ ನಾನು ಹೇಳುವುದಿಲ್ಲ. ಈಗಲೂ ಮಂಗಳವಾರ ಚೀಲ ಹಿಡಿದು ಹೋಗುತ್ತೇವೆ. ಆದರೆ ಮೊದಲು ಚಕ್ಕಡಿ ಹೂಡಬೇಕಾಗಿತ್ತು, ಈಗ ಹೆಗಲ ಮೇಲಿನ ಚೀಲಕ್ಕೆ ಮುಗಿಯುತ್ತದೆ. ಉಳಿದ ಹೊತ್ತಿನಲ್ಲಿ ಹೊಲದ ಕೆಲಸ ಸಾಗುತ್ತದೆ.

ಉಳಿದಿರುವ ಒಂದು ತೊಡಕು ಓದುಗರ ಮುಂದೆ ಇಡುತ್ತೇನೆ. ಮಂಗ್ಯಾಗೆ ಹಣ್ಣು ಹಾಕುವ ಭಕ್ತರನ್ನು ತಡೆಯುವುದು ನಮಗೆ ಇನ್ನೂ ಪೂರಾ ಸಾಧ್ಯ ಆಗಿಲ್ಲ. ಹಣ್ಣನ್ನು ಗುಡಿಗೆ ಕೊಟ್ಟು ಪ್ರಸಾದವಾಗಿ ಹಂಚಿಸುವ ಪ್ರಯತ್ನ ನಡೆದಿದೆ. ಬೇರೆ ಊರಿನಲ್ಲಿ ಇದಕ್ಕೆ ಒಳ್ಳೆಯ ಉಪಾಯ ಕಂಡುಕೊಂಡವರು ಇದ್ದರೆ ಪತ್ರಿಕೆಗೆ ಬರೆಯಿರಿ. ಬರುವ ಶ್ರಾವಣಕ್ಕೆ ನಾವೂ ಮಾಡಿ ನೋಡುತ್ತೇವೆ.